ಗೆರೆಯ ಮೇಲಿನವರು

“ಏಯ್, ನಿಲ್ಸೋ ಜೆಸಿಬಿ! ಗೆರೆ ದಾಟೈತೆ!” ಎನ್ನುತ್ತ ಲಕ್ಕಣ್ಣನವರು ಅರ್ಧ ತೋಡಿದ ಗುಂಡಿಯ ಅಂಚಿಗೆ ಓಡಿ ಬಂದರು.

ಬೆಂಗಳೂರಿನ ಅಂಚಿನ ಅಟ್ಟೂರಿನ ಸ್ಮಶಾನಕ್ಕೆ ಅವರೇ ಯಜಮಾನರು. ವಲಸೆ ಬಂದು ನೆಲೆಸಿದವರು ಹೆಚ್ಚಿದಂತೆ, ನಡುವೆ ಸುಣ್ಣದ ಪುಡಿಯ ಗೆರೆ ಎಳೆಸಿದ್ದರು. ಮೂಡಲಿಗೆ ಊರಿನವರು, ಪಡುವಲಿಗೆ ಹೊರಗಿನವರು. ಇವತ್ತು ತೀರಿಕೊಂಡ ಗಣಿತದ ಮೇಷ್ಟ್ರು ಕಾಡಪ್ಪ ಬಾದಾಮಿ ಕಡೆಯವರು. ಪಡುವಲಲ್ಲಿ ಬಂಡೆ ಸಿಕ್ಕಿತೆಂದು ಜೆಸಿಬಿಯವನು ಸರಿದು ಸರಿದು ಗೆರೆಯ ಮೇಲೆಯೇ ತೋಡಿದ್ದ.

“ಬಿಟ್ಬಿಡಿ ದೊಡ್ಡಪ್ಪ, ನಮ್ಗೆಲ್ಲ ಪಾಠ ಹೇಳ್ಕೊಟ್ಟೋರು,” ಎಂದ ಬಿಲ್ಡರ್ ಅಶ್ವತ್ಥ್. ಅವನು ಊರಿನವನೇ.

“ಅವ್ರ ಮೇಲೆ ನಂಗೇನು ಸಿಟ್ಟಾ? ಇವತ್ತು ಇಂಗೆ ಬಿಟ್ರೆ ನಾಳೆ ಇಡೀ ಬೆಂಗ್ಳೂರೇ ಬಂದು ಇಲ್ಲಿ ಮಲಿಕ್ಕೊಂತದೆ!”

ಮೇಷ್ಟ್ರ ಹೆಂಡತಿ ನಿಂಗವ್ವ ಶವದ ಪಕ್ಕ ಕುಳಿತಿದ್ದರು. ಅಶ್ವತ್ಥ್ ಸುಣ್ಣದ ಗೆರೆಯನ್ನೇ ನೋಡುತ್ತ ನಿಂತ.

*

ಪಿಯುಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದ ಅಶ್ವತ್ಥ್‌ನನ್ನು ಅವನಪ್ಪ ಮೇಷ್ಟ್ರ ಮನೆಗೆ ಎಳೆದು ತಂದಿದ್ದರು. ಅಸಮತೆಯ ಲೆಕ್ಕ; ಗೆರೆ ಎಳೆದು, ಉತ್ತರವಿರುವ ಒಂದು ಬದಿಗೆ ಮಾತ್ರ ಬಳಿಯಬೇಕು. ಹುಡುಗ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು, ಅದರ ಎರಡೂ ಬದಿಗೆ ಪೆನ್ಸಿಲ್ ಬಳಿದಿದ್ದ.

“ಎರಡೂ ಕಡೆ ಯಾಕಲೇ?”

“ಸೇಫ್ಟಿಗೆ ಸಾರ್.”

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಲೇ ತಮ್ಮಾ, ಎಕ್ಸ್‌ಗೂ ವೈಗೂ ಸೊನ್ನಿ ಹಾಕಿ ನೋಡು. ಮಾತು ಖರೆ ಆತಂದ್ರ ಸೊನ್ನಿ ಇದ್ದ ಕಡೀನ ಬಳಿ. ‘ಸಮ’ ಅಂತ ಇದ್ರ ಗೆರಿ ಅಖಂಡ ಎಳಿ, ಗೆರಿ ಮ್ಯಾಲ ಇದ್ದಾಂವನೂ ಒಳಗಿನಾಂವ. ಇಲ್ಲಂದ್ರ ತುಂಡು ತುಂಡು ಗೆರಿ, ಅಂವ ಹೊರಗಿನಾಂವ.”

“ಮೊದ್ಲ ಹುಡುಗ ರೊಟ್ಟಿ ತಿನ್ಲಿ, ಆಮ್ಯಾಲ ಗೆರಿ ಎಳೀತಾನ,” ಎಂದು ನಿಂಗವ್ವ ತಟ್ಟೆ ತಂದಿಟ್ಟಿದ್ದರು.

*

“ದೊಡ್ಡಪ್ಪ, ಈ ಗೆರೆ ತುಂಡು ತುಂಡಾಗಿ ಎಳ್ಸಿದ್ರೋ, ಒಂದೇ ಸಮ ಎಳ್ಸಿದ್ರೋ?”

ಲಕ್ಕಣ್ಣನವರ ಮೀಸೆ ಎದ್ದಿತು. “ನಾನೇ ನಿಂತು ಎಳ್ಸಿದ್ದು ಕಣೋ. ಒಂದ್ ತುಂಡಿಲ್ಲ!”

“ಹಂಗಾದ್ರೆ ಗೆರೆ ಮೇಲಿರೋರೂ ನಮ್ಮೋರೇ. ಲೆಕ್ಕದ ರೂಲ್ಸು.”

“ಯಾವನ್ಲಾ ಮಾಡಿದ್ದು ಆ ರೂಲ್ಸು?”

“ಹೌದು ತಾತ, ಮೇಷ್ಟ್ರು ಹಂಗೇ ಹೇಳ್ಕೊಟ್ಟಿದ್ದು,” ಎಂದಳು ಮೇಷ್ಟ್ರ ಬಳಿ ಪಾಠಕ್ಕೆ ಹೋಗುತ್ತಿದ್ದ ಲಕ್ಕಣ್ಣನವರ ಮೊಮ್ಮಗಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

ಲಕ್ಕಣ್ಣನವರು ಮೊಮ್ಮಗಳನ್ನು ನೋಡಿದರು, ಗುಂಡಿಯನ್ನು ನೋಡಿದರು. ಆಮೇಲೆ ಜೆಸಿಬಿಯವನ ಮೇಲೆ ರೇಗಿದರು. “ಏನ್ ಬಾಯ್ ಬಿಟ್ಕೊಂಡ್ ನೋಡ್ತೀಯ? ತೋಡೋ! ಓಗೋವಾಗ ಮೇಷ್ಟ್ರು ನನ್ನೂ ಫೇಲ್ ಮಾಡ್ಬಿಟ್ರು.”

ನಿಂಗವ್ವ ತಲೆ ಎತ್ತಿದರು.

“ಲಕ್ಕಣ್ಣಾರ, ಬಾಜೂಕ ನನಗೊಂದೀಟು ಜಾಗಾ ಇರ್ಲಿರಿ.”

ಲಕ್ಕಣ್ಣನವರು ಹೆಗಲ ಮೇಲಿನ ಟವೆಲ್ ತೆಗೆದು, ಬಸ್ಸಿನಲ್ಲಿ ಸೀಟು ಹಿಡಿಯುವವರಂತೆ, ಗುಂಡಿಯ ಮೂಡಲಿಗೆ, ಊರಿನವರ ನೆಲದ ಮೇಲೆ ಹಾಸಿದರು.