ಅಮ್ಮ ಕೊಡಲು ಬಂದ ರಕ್ತ

ಹಿಮ್ಮಡಿ ಮತ್ತೆ ತಾನಾಗಿಯೇ ಕುಣಿಯತೊಡಗಿತು, ಬೆಂಚಿನ ಕೆಳಗೆ ಟಕಟಕ, ಈ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟು ವರ್ಷದ ಮೇಲಾಯಿತು, ಹೊಲಿಗೆ ಯಂತ್ರದ ಪೆಡಲಿನ ಮೇಲೂ ಹೀಗೇ ಕುಣಿದು ಯಾರದೋ ಕೋಟಿನ ಜೇಬಿನ ಬಾಯಿಯನ್ನೇ ಸೇರಿಸಿ ಹೊಲಿದುಬಿಟ್ಟಿತ್ತು, ಒಳ್ಳೇದಾಯ್ತು ಬಿಡೇ, ಅವರಿಗೂ ಖರ್ಚು ಕಡಿಮೆ ಎಂದು ಅಮ್ಮ ನಕ್ಕಿದ್ದಳು — ಈಗ ಎದುರಿನ ಕೋಣೆಯಲ್ಲಿ ರಕ್ತ ಕೊಡುತ್ತಿದ್ದಾಳೆ, ನಾನು ಹೊರಗೆ, ಸುಸ್ತು, ಕೂತು ಕೂತೇ ಸುಸ್ತು. ಹೋದ ವಾರ ಡಾಕ್ಟರು ಪೆನ್ನಿನ ತುದಿಯಿಂದ ನನ್ನ ಬೆನ್ನ ಮೇಲೆ ಗೆರೆ ಎಳೆದರು, ಇದು ವೈರಸ್ಸಮ್ಮಾ, ರಕ್ತದ ಕೋಶದೊಳಗೇ ಅಡಗಿ ಕೂತಿರತ್ತೆ, ಎಷ್ಟೋ ಜನರಲ್ಲಿ ಸಾಯೋ ತನಕ ಸುಮ್ಮನಿರತ್ತೆ, ನಿಮ್ಮಲ್ಲಿ ಕಾವಲಿನ ಕೋಶಗಳು ಅದರ ಬೆನ್ನುಹತ್ತಿ ಬೆನ್ನುಹುರಿಗೇ ನುಗ್ಗಿವೆ, ಆ ಹೊಡೆದಾಟದಲ್ಲಿ ನರಗಳು ಹಾಳಾಗ್ತಿವೆ — ಕಳ್ಳನನ್ನು ಹಿಡಿಯಲು ಬಂದವರು ಮನೆಯ ಗೋಡೆ ಕೆಡವಿದ ಹಾಗೆ, ನನ್ನವೇ ಕೋಶಗಳು, ಯಾರ ಮೇಲೆ ಸಿಟ್ಟು ಮಾಡಲಿ. ಎಲ್ಲಿಂದ ಬಂತು ಡಾಕ್ಟ್ರೇ. ಹೆಚ್ಚಾಗಿ ತಾಯಿ ಹಾಲಿಂದ, ಅವರ ರಕ್ತ ನೋಡಿದ್ರೆ ಗೊತ್ತಾಗತ್ತೆ, ಬಸುರಿ ತಂಗಿ ಇದಾರಲ್ವಾ, ಅವರಿಗೂ ನೋಡ್ಬೇಕು, ಹುಟ್ಟೋ ಮಗುಗೆ ಹೋಗಬಾರದು. ತಂಗಿ ಇಲ್ಲದಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಇದ್ದುಬಿಡುತ್ತಿದ್ದೆ, ಏಕೆಂದರೆ ಅಮ್ಮನಿಗೆ ಜಂಬ ಪಡಲು ಇರುವುದು ಆ ಹಾಲೊಂದೇ, ಮೂರು ವರ್ಷ ನನ್ನ ಬಿಡಲೇ ಇಲ್ಲ ಇವಳು, ತಂಗಿಗಿಂತ ಇವಳಿಗೇ ಹೆಚ್ಚು ಕುಡಿಸಿದೀನಿ, ಅದಕ್ಕೇ ಇಷ್ಟು ಗಟ್ಟಿ, ನೋಡ್ತಿರಿ, ಎದ್ದು ಓಡಾಡ್ತಾಳೆ, ವ್ಯಾಯಾಮ ಮಾಡಿಸಲು ಬರುವ ಹುಡುಗಿಗೂ ಹೇಳುತ್ತಾಳೆ, ನಾನು ಗೋಡೆ ನೋಡುತ್ತೇನೆ.

ನಿನ್ನ ರಕ್ತ ಬೇಕಂತೆ ಎಂದಷ್ಟೇ ಹೇಳಿದ್ದೆ, ಅಮ್ಮ ಅದನ್ನು ನನಗೆ ಏರಿಸಲೆಂದು ತಿಳಿದಳು, ನಿನ್ನೆ ಎರಡು ತುತ್ತು ಹೆಚ್ಚೇ ಉಂಡಳು, ಬೇಕಾದಷ್ಟು ತಗೊಳ್ಲಿ, ನಂಗ್ಯಾಕೆ ಇನ್ನು, ನಾನು ತಿದ್ದಲಿಲ್ಲ, ತಿದ್ದುವ ಶಕ್ತಿ ಇರಲಿಲ್ಲ — ಆದರೆ ಇನ್ನು ಡಾಕ್ಟರೇ ಹೇಳಿಬಿಡುತ್ತಾರೆ, ನಿಮ್ಮ ಹಾಲಿಂದ ಬಂದದ್ದೆಂದು, ಮೇಜಿನ ಆಚೆಯಿಂದ, ಕನ್ನಡಕ ಒರೆಸುತ್ತ, ಅದಕ್ಕಿಂತ ನಾನೇ ಹೇಳಬೇಕು, ಇವತ್ತೇ, ನಿನ್ನ ತಪ್ಪಲ್ಲಮ್ಮಾ ಎಂದು ಶುರುಮಾಡಲೇ, ಹಾಗೆ ಶುರುಮಾಡಿದರೆ ತಪ್ಪು ಎಂಬುದೊಂದೇ ಅವಳ ಕಿವಿಗೆ ಬೀಳುತ್ತದೆ. ಬಾಗಿಲು ತೆರೆಯಿತು, ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ಬಂದಳು, ಮುಖ ಸಪ್ಪೆ, ಬೆರಳುದ್ದದ ಸೀಸೆ ಕಣೇ, ಅಷ್ಟೇ ತಗೊಂಡ್ರು, ಅದು ಯಾವ ಮೂಲೆಗೆ ಸಾಕು. ಅಮ್ಮಾ ಕೂತ್ಕೋ, ಒಂದು ಮಾತು ಹೇಳ್ಬೇಕು, ಆ ರಕ್ತ ನಂಗೆ ಹಾಕೋಕಲ್ಲ — ಅವಳಿಗೆ ಕೇಳಿಸಲೇ ಇಲ್ಲ, ಹಿಂದೆ ಬಂದ ನರ್ಸಿನ ಕಡೆ ತಿರುಗಿದ್ದಾಳೆ, ಸಿಸ್ಟರ್, ಈ ಕೈನೂ ನೋಡಿ, ಇದ್ರಿಂದ್ಲೂ ತೆಗೀರಿ, ನನ್ ಮಗಳಿಗೆ ಸಾಲಲ್ಲ — ರವಿಕೆಯ ತೋಳು ಮೇಲೆ ಸರಿಸಿಕೊಂಡ ಆ ಕೈ, ತೆಳ್ಳಗೆ, ಅಂಗೈ ಮೇಲೆ ಮಾಡಿ, ಸಾಕಮ್ಮಾ ಸಾಕು ಎನ್ನುತ್ತಿದ್ದಾರೆ ನರ್ಸು, ಹೇಳಬೇಕು, ಈಗಲೇ, ಆ ಕೈ ಕೆಳಗಿಳಿಯುತ್ತಿಲ್ಲ, ಚಾಚಿಕೊಂಡೇ ಇದೆ, ಆ ಕೈ —