ಎರವಲು ಹೋದ ಸ್ಕೀ

ನಾನು ಒಂದು ಸ್ಕೀ. ಒಂದು ಎಂದರೆ ಅರ್ಧ ಮಾತಾಯಿತು. ನಾವು ಜೋಡಿ; ಎಡಗಾಲಿನದು ನಾನು, ಬಲಗಾಲಿನದು ನನ್ನ ತಂಗಿ. ಆಸ್ಟ್ರಿಯಾದ ಒಂದು ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಹುಟ್ಟಿದೆವು. ಮರದ ಪಟ್ಟಿಯ ಮೇಲೂ ಕೆಳಗೂ ಲೋಹದ ಹಾಳೆ ಇಟ್ಟು, ಅಂಟು ಬಳಿದು, ಬಿಸಿಯಲ್ಲಿ ಒತ್ತಿದರು. ಅಂಚಿಗೆ ಉಕ್ಕಿನ ತೆಳು ಪಟ್ಟಿ ಕೂರಿಸಿದರು. ಬೆಟ್ಟದ ನೆತ್ತಿಯಿಂದ ಬುಡದವರೆಗೆ ಹಿಮದ ಮೇಲೆ ಒಂದೇ ಓಟದಲ್ಲಿ ಜಾರಿ ಇಳಿಯುವ ಡೌನ್‌ಹಿಲ್ ಸ್ಪರ್ಧೆಗೆಂದೇ ಮಾಡಿದವರು ನಾವು.

ನಮ್ಮ ಮೊದಲ ಒಡೆಯ ಫ್ಲೋರಿಯಾನ್. ಹೆಸರಾಂತ ಓಟಗಾರ, ಗಟ್ಟಿ ಆಳು. ಅವನ ಸ್ಕೀಗಳನ್ನು ನೋಡಿಕೊಳ್ಳುತ್ತಿದ್ದವನು ಆಲೋಯಿಸ್ ಎಂಬ ನರೆತ ಮೀಸೆಯ ಮೆಕ್ಯಾನಿಕ್. ಬಿಸಿ ಇಸ್ತ್ರಿಪೆಟ್ಟಿಗೆಯಿಂದ ನಮ್ಮ ಅಂಗಾಲಿಗೆ ಮೇಣ ಸವರಿ, ಆರಿದ ಮೇಲೆ ಹೆರೆದು, ಬ್ರಷ್ಷಿನಿಂದ ತಿಕ್ಕುತ್ತಿದ್ದ. ಪ್ರತಿ ಬೆಳಿಗ್ಗೆ ಗೋಡೆಗೆ ಒರಗಿ ನಿಂತ ನಮ್ಮ ಸಾಲಿನ ಉದ್ದಕ್ಕೂ ನಡೆದು, ಹಸುಗಳ ಬೆನ್ನು ಸವರುವವನಂತೆ ಒಬ್ಬೊಬ್ಬರನ್ನೂ ಮುಟ್ಟಿ, ಬೂಟನ್ನು ಹಿಡಿದಿಡುವ ಕೊಂಡಿಯ ತಿರುಪನ್ನು ಫ್ಲೋರಿಯಾನನ ಗುರುತಿಗೆ ಬಿಗಿ ಮಾಡುತ್ತಿದ್ದ. ಬಾಯಲ್ಲಿ ಯಾವುದೋ ಹಾಡು ಇರುತ್ತಿತ್ತು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಆ ಸಾಲಿನಲ್ಲಿ ನಾವು ಎಲ್ಲರಿಗಿಂತ ವೇಗದ ಜೋಡಿಯಲ್ಲ. ಹಾಗಾಗಿ ಬದಲಿ ಜೋಡಿಯಾದೆವು. ಊರೂರು ಸುತ್ತಿದೆವು, ಸ್ಪರ್ಧೆಗೆ ಇಳಿಯಲಿಲ್ಲ.

ವಿಶ್ವ ಚಾಂಪಿಯನ್‌ಷಿಪ್ ನಡೆದ ವರ್ಷ ನವಾಂಗ್ ನಮ್ಮ ಕೋಣೆಯ ಬಾಗಿಲಿಗೆ ಬಂದ. ಹಿಮಾಚಲದ ಲಾಹೌಲ್ ಕಣಿವೆಯವನು, ತೆಳ್ಳಗಿನ ಮೈ. ವಿಮಾನದವರು ಅವನ ಸ್ಕೀ ಚೀಲವನ್ನು ಬೇರೆಲ್ಲಿಗೋ ಕಳಿಸಿಬಿಟ್ಟಿದ್ದರು. ಅಭ್ಯಾಸದ ಓಟವೊಂದರಲ್ಲಾದರೂ ಇಳಿಯದವನಿಗೆ ಸ್ಪರ್ಧೆಯಲ್ಲಿ ಜಾಗವಿಲ್ಲ ಎಂಬುದು ನಿಯಮ. ಹಿಮ ಸುರಿದು ಉಳಿದ ಅಭ್ಯಾಸಗಳೆಲ್ಲ ರದ್ದಾಗಿದ್ದವು. ಮಾರನೆಯ ಬೆಳಗಿನದೇ ಕೊನೆಯದು.

"ಅಂಕಲ್, ಯಾವುದಾದ್ರೂ ಹಳೇ ಜೋಡಿ ಇದ್ಯಾ?" ಎಂದ.

ಆಲೋಯಿಸ್ ಉತ್ತರಿಸುವ ಮುನ್ನವೇ ಫ್ಲೋರಿಯಾನ್ ಒಳಗಿನಿಂದ ಹೇಳಿದ: "ಬದಲಿ ಜೋಡಿ ಕೊಡು. ಗೋಡೆಗೆ ಒರಗಿ ಒರಗಿ ಅವಕ್ಕೂ ಬೇಜಾರು ಬಂದಿರತ್ತೆ."

"ನಿನಗೇನಪ್ಪ, ಹೇಳಿ ಮಲಗ್ತೀಯ. ಕೆಲಸ ಮಾಡೋನು ನಾನು," ಎಂದು ಗೊಣಗಿದ ಆಲೋಯಿಸ್. ಗೊಣಗುತ್ತಲೇ ನವಾಂಗನ ಬೂಟನ್ನು ಕೈಗೆ ತೆಗೆದುಕೊಂಡು ಅಳತೆ ನೋಡತೊಡಗಿದ್ದ. "ಹಿಂದೆ ಕಾಲು ಮುರಿದಿದ್ಯಾ?"

"ಎಡಗಾಲು. ಮೊಣಕಾಲಿನ ಕೆಳಗೆ. ಇನ್ನೊಂದ್ಸಲ ಮುರಿದ್ರೆ ಜೀವಮಾನ ಪೂರ್ತಿ ಕುಂಟಬೇಕು ಅಂದಿದ್ದಾರೆ ಡಾಕ್ಟರು."

ಆ ಕೊಂಡಿಯ ಮಾತನ್ನು ಇಲ್ಲಿ ಹೇಳಲೇಬೇಕು. ಓಟಗಾರ ಬಿದ್ದರೆ ಅದು ತಾನಾಗಿ ಬಿಚ್ಚಿಕೊಂಡು ಕಾಲನ್ನು ಬಿಡಬೇಕು. ಭಾರದ ಆಳಿಗೆ ಬಿಗಿ ಹೆಚ್ಚು, ಹಗುರ ಆಳಿಗೆ ಕಡಿಮೆ. ಬಿಗಿ ಅತಿಯಾದರೆ ಕೊಂಡಿ ಬಿಡುವುದಿಲ್ಲ, ಮೂಳೆ ಮುರಿಯುತ್ತದೆ. ಆಲೋಯಿಸ್ ಅಂದು ಸಂಜೆಯೇ ತಿರುಪು ಸಡಿಲಿಸಿ ನವಾಂಗನ ಮೈಗೆ ತಕ್ಕಂತೆ ಮಾಡಿಟ್ಟ.

ಬೆಳಿಗ್ಗೆ ಎಂದಿನಂತೆ ಹಾಡುತ್ತ ಸಾಲಿನ ಉದ್ದಕ್ಕೂ ನಡೆದ. ನಮ್ಮ ಮುಂದೆಯೂ ನಿಂತ. ಕೈ ತನ್ನ ರೂಢಿಯಂತೆ ತಿರುಪನ್ನು ಮತ್ತೆ ಫ್ಲೋರಿಯಾನನ ಗುರುತಿಗೆ ತಿರುಗಿಸಿತು. ನನಗೆ ಗೊತ್ತಾಯಿತು. ಹೇಳಲು ಬಾಯಿ ಎಲ್ಲಿದೆ?

ಬೆಟ್ಟದ ನೆತ್ತಿಯಿಂದ ಫ್ಲೋರಿಯಾನ್ ಇಳಿದು ಹೋಗಿ ಬಹಳ ಹೊತ್ತಾಗಿತ್ತು. ಆಲೋಯಿಸ್ ಸಾಮಾನು ಕಟ್ಟುತ್ತಿದ್ದ. ಕೊನೆಯಲ್ಲಿ ಉಳಿದವರು ನವಾಂಗ್ ಮತ್ತು ಚಿಲಿ ದೇಶದ ಒಬ್ಬ ಓಟಗಾರ. ನವಾಂಗ್ ಸ್ಟಾರ್ಟ್ ಗೇಟಿನ ಬಳಿ ಬಂದು ನನ್ನ ಮೇಲೆ ಕಾಲಿಟ್ಟ. ಹಿಮ್ಮಡಿ ಕೂರಲಿಲ್ಲ. ಇನ್ನಷ್ಟು ಭಾರ ಹಾಕಿ ಒತ್ತಿದ. ಕೊಂಡಿ ಬಡಿದುಕೊಂಡ ಸದ್ದಿಗೆ ಆಲೋಯಿಸ್ ತಲೆ ಎತ್ತಿದ. ಬಿಗಿ ಕೊಂಡಿಯ ಆ ಸದ್ದು ಅವನಿಗೆ ಪರಿಚಿತ.

"ತೆಗಿ ಕಾಲು. ಅದು ಫ್ಲೋರಿಯಾನನ ಬಿಗಿ. ನಾನೇ ಮಾಡಿಬಿಟ್ಟಿದೀನಿ."

"ಈಗಾಗಲ್ಲ ಅಂಕಲ್. ನನ್ನ ಸರದಿ ಬಂತು. ತಪ್ಪಿದ್ರೆ ನಾಳೆ ಇಲ್ಲ."

"ನಾಳೆ ಇರತ್ತೋ ಇಲ್ವೋ, ಕಾಲು ಇರಬೇಕಲ್ಲ ಮಾರಾಯ," ಎಂದವನೇ ಆಲೋಯಿಸ್ ಹಿಮದಲ್ಲಿ ಮಂಡಿಯೂರಿ ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಚಿಲಿಯವನು ಇದನ್ನೆಲ್ಲ ನೋಡುತ್ತಿದ್ದ. "ನಾನು ಮುಂದೆ ಹೋಗ್ಲಾ? ನಿಂತು ನಿಂತು ಚಳಿ ಹಿಡಿದಿದೆ," ಎಂದು ಓಟಗಾರರನ್ನು ಒಬ್ಬೊಬ್ಬರಾಗಿ ಬಿಡುವ ಸ್ಟಾರ್ಟರ್ ಹೆಂಗಸನ್ನು ಕೇಳಿದ. ಅವನಿಗೆ ಚಳಿಯೇನೂ ಆಗಿರಲಿಲ್ಲ. ದಪ್ಪ ಕೋಟನ್ನು ಇನ್ನೂ ತೆಗೆದಿರಲಿಲ್ಲ. ಆಕೆ ಮಂಡಿಯೂರಿದ ಮುದುಕನನ್ನು ನೋಡಿದಳು.

"ಅಭ್ಯಾಸ ಅಂತ ಬಿಡ್ತಿದೀನಿ. ನಾಳೆ ಈ ಆಟ ನಡೆಯಲ್ಲ," ಎಂದಳು.

ಚಿಲಿಯವನು ಕೋಟು ಬಿಚ್ಚಿ ಗೇಟಿಗೆ ನಿಂತು ಹೊರಟುಹೋದ. ಅಷ್ಟರಲ್ಲಿ ಆಲೋಯಿಸ್ ನನ್ನದನ್ನೂ ತಂಗಿಯದನ್ನೂ ಸಡಿಲಿಸಿದ. "ಆರು ಮೊಟ್ಟೆ ತಿನ್ನೋನ ಬಿಗಿ ಇದು, ನಿನಗಲ್ಲ," ಎಂದು ನಗಲು ನೋಡಿದ. ನಗು ಬರಲಿಲ್ಲ.

ನಾವು ಹೊರಟೆವು. ಗಾಳಿ ಸೀಳುವ ಸದ್ದು, ಅಡಿಯಲ್ಲಿ ಗಾಜಿನಂಥ ಹಿಮ. ನೆಲ ತಟ್ಟನೆ ತಗ್ಗಾಗುವ ಕಡೆ ನವಾಂಗ್ ಗಾಳಿಗೆ ಹಾರಿದ. ಇಳಿಯುವಾಗ ನನ್ನ ಅಂಚು ಹಿಮಕ್ಕೆ ಕಚ್ಚಿಕೊಂಡಿತು. ಅವನ ಮೈ ಒಂದು ಕಡೆ ತಿರುಗಿತು, ನಾನು ಇನ್ನೊಂದು ಕಡೆ. ನಮ್ಮಿಬ್ಬರ ನಡುವೆ ಆ ಎಡಗಾಲು. ಕೊಂಡಿ ಬಿಚ್ಚಿಕೊಂಡಿತು. ನಾನು ದೂರ ಹಾರಿ ಬಿದ್ದೆ. ಅವನು ಉರುಳುತ್ತ ಹೋಗಿ ದಾರಿಯಂಚಿಗೆ ಕಟ್ಟಿದ್ದ ರಕ್ಷಣಾ ಬಲೆಗೆ ತಗುಲಿದ. ಒಂದು ಗಳಿಗೆ ಅಲುಗಾಡಲಿಲ್ಲ. ಆಮೇಲೆ ಎದ್ದು ಕೂತ. ಆಮೇಲೆ ನಿಂತ.

ಹಿಂದೆಯೇ ಇಳಿದು ಬಂದ ಆಲೋಯಿಸ್ ನನ್ನ ಕಡೆ ನೋಡಲೂ ಇಲ್ಲ. ಕೈಗವಸು ಕಿತ್ತು ನವಾಂಗನ ಎಡಗಾಲನ್ನು ಮೊಣಕಾಲಿನಿಂದ ಪಾದದವರೆಗೆ ಸವರಿ ನೋಡಿದ. ಎಷ್ಟೋ ವರ್ಷ ನಮ್ಮನ್ನು ಮುಟ್ಟಿದ ಕೈ ಅದು. ಅಷ್ಟು ಮೆತ್ತಗೆ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಮಾರನೆಯ ದಿನ ಸ್ಪರ್ಧೆ. ಬಿದ್ದಿದ್ದರೂ, ಗೇಟು ದಾಟಿ ಹೊರಟಿದ್ದಷ್ಟೇ ನಿಯಮಕ್ಕೆ ಸಾಕಾಗಿದ್ದರಿಂದ ನವಾಂಗನಿಗೆ ಅವಕಾಶ ಉಳಿದಿತ್ತು. ಫ್ಲೋರಿಯಾನನಿಗೆ ಮೂರನೆಯ ಸ್ಥಾನದ ಪದಕ ಖಚಿತವಾಗಿತ್ತು. ನಾವು ಇಳಿಯುವ ಹೊತ್ತಿಗೆ ಜನ ಅರ್ಧ ಚದುರಿದ್ದರು. ನವಾಂಗ್ ಹಾರುವ ಕಡೆ ಎಚ್ಚರವಾಗಿ ಮೈ ತಗ್ಗಿಸಿದ, ತಿರುವುಗಳಲ್ಲಿ ನನ್ನ ಮೇಲೆ ಪೂರ್ತಿ ನಂಬಿಕೆ ಇಟ್ಟು ಒರಗಿದ. ಕೊನೆಯ ಗೆರೆ ದಾಟಿದಾಗ ಪಟ್ಟಿಯಲ್ಲಿ ಅವನ ಕೆಳಗೆ ಚಿಲಿಯವನೊಬ್ಬನೇ. ಇಬ್ಬರೂ ತಬ್ಬಿಕೊಂಡರು. ಬೇಲಿಯ ಆಚೆ ಫ್ಲೋರಿಯಾನ್ ಇನ್ನೂ ಹೋಗದೆ ಕಾಯುತ್ತಿದ್ದ.

ನವಾಂಗ್ ನಮ್ಮನ್ನು ಹಿಂದಿರುಗಿಸಲು ಹೋದ. "ನನ್ನ ಹತ್ರ ಅವು ಒಂದು ಸ್ಪರ್ಧೆನೂ ಕಂಡಿರಲಿಲ್ಲ. ನಿನ್ನ ಜೊತೆನೇ ಇರಲಿ," ಎಂದ ಫ್ಲೋರಿಯಾನ್. ಆಲೋಯಿಸ್ ಕೊಂಡಿಯ ಮೇಲಿದ್ದ ಹಳೆಯ ಗುರುತನ್ನು ಉಜ್ಜಿ ತೆಗೆದು, ನವಾಂಗನ ಗುರುತು ಹಾಕಿ ಕೊಟ್ಟ.

ಹೀಗೆ ನಾವು ವಿಮಾನ ಇಳಿದು, ಬಸ್ಸಿನ ತಲೆಯ ಮೇಲೆ ಲಾಹೌಲಿಗೆ ಬಂದೆವು. ಅಲ್ಲಿನ ಇಳಿಜಾರುಗಳಲ್ಲಿ ಎಷ್ಟೋ ಚಳಿಗಾಲ ಕಳೆದೆವು. ಅಂಚು ಸವೆಯಿತು, ತಂಗಿಯ ಮೂತಿ ಬಿರುಕುಬಿಟ್ಟಿತು. ಈಗ ಅವನ ಮನೆಯ ಮಹಡಿ ಮೆಟ್ಟಿಲ ಪಕ್ಕ ನಮ್ಮನ್ನು ಹಿಡಿದುಕೊಂಡು ಹತ್ತಿಳಿಯುವ ಪಟ್ಟಿಯಾಗಿ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದಾರೆ. ಅವನ ಹೆಂಡತಿ ಹಿಡಿದು ಇಳಿಯುತ್ತಾಳೆ, ಬಂದವರು ಹಿಡಿದು ಹತ್ತುತ್ತಾರೆ. ನವಾಂಗನಿಗೂ ವಯಸ್ಸಾಯಿತು. ಬೆಳಗ್ಗೆ ಆಲೂಗಡ್ಡೆ ಹೊಲಕ್ಕೆ ಹೊರಡುವಾಗ ನನ್ನ ಪಕ್ಕದಲ್ಲೇ ಇಳಿಯುತ್ತಾನೆ. ಎಡಗಾಲು, ಬಲಗಾಲು, ಎರಡರ ಸದ್ದೂ ಒಂದೇ ಸಮ. ನನ್ನನ್ನು ಹಿಡಿದುಕೊಳ್ಳುವುದಿಲ್ಲ. ಹಿಡಿದುಕೊಳ್ಳುವ ಅಗತ್ಯ ಅವನಿಗೆ ಇನ್ನೂ ಬಂದಿಲ್ಲ.