ಮುತ್ತೈದೆಯರ ಸಾಲು

“ನೀ ಮುಟ್ಟಬ್ಯಾಡ. ಸಾಕ್ಷಿ ಬರ್ತಾಳಲ್ಲ, ಆಕಿ ಇಡ್ಲಿ,” ಎಂದಳು ತಿಪ್ಪವ್ವ, ಹೊಸ್ತಿಲ ಬಳಿ ಕೂತಲ್ಲಿಂದಲೇ.

ಗುಂಡವ್ವನ ಕೈ ಅರ್ಧದಲ್ಲೇ ನಿಂತಿತು. ಕೈಯಲ್ಲಿದ್ದ ಹಸಿರು ಖಣ ಸತ್ತುಹೋದ ಹಿರಿಯ ಮಗಳು ಸುಮಂಗಲಾಳ ಹೆಸರಿನದು. ಬಾಗೇವಾಡಿಯ ಅಂಗಡಿಯಲ್ಲಿ ಹತ್ತಿಪ್ಪತ್ತು ಖಣ ಬಿಚ್ಚಿಸಿ, ಮಗಳು ಇಷ್ಟಪಡುತ್ತಿದ್ದ ಅಂಚನ್ನೇ ಹುಡುಕಿ ತಂದವಳು ಗುಂಡವ್ವ. ದೇವರ ಜಗಲಿಯ ಮೇಲೆ ಇಡುವುದಕ್ಕೆ ಮಾತ್ರ ಅವಳ ಕೈ ಬೇಡ. ಹೋದ ವರ್ಷದ ಹಿರಿಯರ ಹಬ್ಬದಲ್ಲೂ ಹೀಗೇ ಆಗಿತ್ತು.

ಇಂಗಳೇಶ್ವರದ ಈ ಮನೆಯಲ್ಲಿ ಮಹಾಲಯ ಅಮಾವಾಸ್ಯೆಯ ದಿನ, ಗಂಡ ಬದುಕಿರುವಾಗಲೇ ಸತ್ತ ಹೆಂಗಸರಿಗೆಲ್ಲ ಕುಪ್ಪಸಕ್ಕೆಂದು ಒಂದೊಂದು ಖಣ ಇಡುತ್ತಾರೆ. ಬೇರೆಯವರು ಸೊಸೆಯರಿಗಷ್ಟೇ ಇಡುತ್ತಾರೆ. ಇಲ್ಲಿ ಹೆಣ್ಣುಮಕ್ಕಳಿಗೂ ಉಂಟು. ಮೂರು ತಲೆಮಾರು ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ತಂದುಕೊಂಡು ಬಾಳಿದ ಮನೆಯಲ್ಲಿ ಮಗಳು ಯಾರು, ಸೊಸೆ ಯಾರು? ಸಾಲಿನ ತುದಿಗೆ ಒಂದು ಗೇಣು ಜಾಗ ಖಾಲಿ ಬಿಡುವುದೂ ಪದ್ಧತಿ, ಮುಂದಿನ ಮುತ್ತೈದೆಗಾಗಿ. ‘ನಮ್ಮ ಹೆಣ್ಮಕ್ಕಳು ಕುಂಕುಮ ಅಳಿಸ್ಕೊಂಡು ಸಾಯೂದಿಲ್ಲ’ ಎಂದು ಊರ ತುಂಬ ಹೇಳಿಕೊಂಡು ತಿರುಗಿದ ಮನೆತನ. ನಲವತ್ತು ದಾಟದೆ ಸತ್ತವಳ ಕುಂಕುಮ ಅಳಿಯುವುದಾದರೂ ಹೇಗೆ ಎಂದು ಯಾರೂ ಕೇಳಲಿಲ್ಲ. ಆ ಪುಣ್ಯ ತಪ್ಪಿಸಿಕೊಂಡವಳು ತಿಪ್ಪವ್ವ ಒಬ್ಬಳೇ. ಮನೆಯ ಯಜಮಾನ ಶಂಕ್ರೆಪ್ಪನ ಸೋದರತ್ತೆಯಾದ ಅವಳು ಗಂಡನನ್ನು ಮಣ್ಣು ಮಾಡಿ ತವರಿಗೆ ಬಂದು ಎಂಬತ್ತು ಮುಟ್ಟಿದ್ದಳು.

ಶಂಕ್ರೆಪ್ಪನ ಹೆಂಡತಿ ಗುಂಡವ್ವ ಗೊಳಸಂಗಿಯವಳು, ಈ ಮನೆಗೆ ಹೊರಗಿನಿಂದ ಬಂದ ಮೊದಲ ಸೊಸೆ. ಸಂಬಂಧದಲ್ಲಿ ಅವನಿಗೆ ಸರಿಹೊಂದುವ ಹೆಣ್ಣು ಇರಲಿಲ್ಲ, ಅದಕ್ಕೇ ತಂದರು. ಸುಮಂಗಲಾ ಮೂವತ್ತನಾಲ್ಕಕ್ಕೆ ಎದೆಯ ಕ್ಯಾನ್ಸರಿನಿಂದ ಸತ್ತಾಗ, ಹೆಣ ಎತ್ತುವ ಮೊದಲೇ ತೀರ್ಪಾಯಿತು: ನೂಲಿನಂತೆ ಸೀರೆ, ತಾಯಿಯಂತೆ ಮಗಳು; ಗೊಳಸಂಗಿಯ ರಕ್ತವೇ ಕೆಟ್ಟದ್ದು. ಶಂಕ್ರೆಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹೊಟ್ಟೆ ಉರಿಯುವುದೆಂದರೆ, ಗುಂಡವ್ವನೂ ಅದನ್ನು ನಂಬಿಬಿಟ್ಟಿದ್ದಳು. ಮಕ್ಕಳಿಗೆ ಮೊಲೆಯೂಡಿದ್ದನ್ನು ನೆನೆಸಿಕೊಂಡು ಅಳುತ್ತಿದ್ದಳು.

ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕಿರಿಯ ಮಗಳು ಸಾಕ್ಷಿ ಬಸ್ಸಿಳಿದು ಮನೆಗೆ ಬಂದಾಗ ಹನ್ನೊಂದು ಗಂಟೆ. ಅಕ್ಕನ ರಕ್ತದಲ್ಲಿ ಸಿಕ್ಕಿದ್ದ ದೋಷವೇ ಎರಡು ತಿಂಗಳ ಹಿಂದೆ ಅವಳ ರಕ್ತದಲ್ಲೂ ಸಿಕ್ಕಿತ್ತು. ಅದು ಯಾರ ಕಡೆಯಿಂದ ಬಂದದ್ದೆಂದು ತಿಳಿದರೆ ಆ ಕಡೆಯ ಹೆಣ್ಣುಮಕ್ಕಳನ್ನಾದರೂ ಮೊದಲೇ ಪರೀಕ್ಷಿಸಬಹುದೆಂದು ವಿಜಾಪುರದ ಡಾಕ್ಟರು ತಂದೆ ತಾಯಿ ಇಬ್ಬರ ರಕ್ತವನ್ನೂ ತೆಗೆಸಿದ್ದರು. ಅವತ್ತು ಶಂಕ್ರೆಪ್ಪ ತೋಳು ಚಾಚಿದ್ದು ಹೆಂಡತಿಗೆ ಜೊತೆ ಕೊಡಲು ಹೋದವನ ಹಾಗೆ.

“ಬಂತೇನ ರಿಪೋರ್ಟು?” ಎಂದ ಶಂಕ್ರೆಪ್ಪ.

“ಬಂತು. ಅವ್ವನ ರಕ್ತದಾಗ ಏನೂ ಇಲ್ಲ.” ಸಾಕ್ಷಿ ಚಪ್ಪಲಿ ಕಳೆಯದೆ ಬಾಗಿಲಲ್ಲೇ ನಿಂತಿದ್ದಳು. “ಹದಿನೇಳನೇ ಕ್ರೋಮೋಸೋಮಿನಾಗ ಒಂದು ಜೀನ್ ಇರ್ತೈತಿ. ಮೈಯಾಗ ಕೆಟ್ಟದ್ದು ಬೆಳೀದಂಗ ರಿಪೇರಿ ಮಾಡೂದು ಅದರ ಕೆಲಸ. ನಂದ್ರಾಗ ಅದು ಕೆಟ್ಟೈತಿ, ಅಕ್ಕಂದ್ರಾಗೂ ಕೆಟ್ಟಿತ್ತು. ಅದು ಬಂದದ್ದು ನಿನ್ನಿಂದ, ಅಪ್ಪಾ.”

“ನನಗೇನಾಗೈತಿ? ಅರವತ್ತೆರಡಾತು, ಕಲ್ಲು ತಿಂದು ಕರಗಿಸ್ತೇನಿ. ಗಂಡಸ್ರಿಗೆಲ್ಲಿ ಎದಿ ಬ್ಯಾನಿ?”

“ಗಂಡಸ್ರು ಹೊತ್ಕೊಂಡು ಆರಾಮ ತಿರಗ್ತಾರ. ಹೆಚ್ಚಾಗಿ ಬಡಿಯೂದು ಹೆಣ್ಮಕ್ಕಳಿಗೆ. ನಿಮ್ಮವ್ವ ಹೆಂಗ ಸತ್ರು ಅಂತ ಡಾಕ್ಟರ್ ಕೇಳಿದಾಗ ಜ್ವರ ಅಂದಿ.”

“ಜ್ವರಾನ ಬಂದಿತ್ತು.”

ಸಾಕ್ಷಿ ಜಗಲಿಯ ಕಡೆ ಕೈ ಮಾಡಿದಳು. ಅಲ್ಲಿ ಆಗಲೇ ನಾಲ್ಕು ಖಣಗಳಿದ್ದವು. “ನಿಮ್ಮವ್ವ, ಇಬ್ರು ಅತ್ತಿ, ನಿನ್ನ ತಂಗಿ. ನಾಕೂ ಮಂದಿಗೆ ಜ್ವರಾನ?” ಅವಳು ತಿಪ್ಪವ್ವನ ಕಡೆ ತಿರುಗಿದಳು. “ಅಮ್ಮಾ, ನೀನರೆ ಖರೇ ಹೇಳು.”

ತಿಪ್ಪವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹೊರಗೆ ಎಡೆಗಾಗಿ ಕಾದ ಕಾಗೆಗಳು ಕೂಗುತ್ತಿದ್ದವು.

“ಹುಣ್ಣ ತೊಳದಾಕಿ ನಾನ,” ಎಂದಳು ಕೊನೆಗೆ. “ಬೇವಿನ ತಪ್ಪಲ ಕುದಿಸಿ ತೊಳೀತಿದ್ದೆ. ನಾಕೂ ಮಂದಿದೂ ಎದಿ ಹುಣ್ಣ. ಹೊರಗ ಗೊತ್ತಾಗಿದ್ರ ನಮ್ಮ ಹುಡುಗ್ಯಾರನ್ನ ಯಾರ ತಗೊಂತಿದ್ರು? ಅದಕ್ಕ ನಮ್ಮ ನಮ್ಮೊಳಗ ಕೊಟ್ಟು ತಂದ್ವಿ.”

ಗುಂಡವ್ವ ಮುಂದೆ ಬಂದಳು. ಅವಳ ದನಿ ಏರಿರಲಿಲ್ಲ.

“ನನ್ನ ಸುಮಿ ಎದ್ಯಾಗಿನ ಗಂಟ ಮೊದಲ ನಿಮಗ ತೋರ್ಸಿದ್ಲಲ್ರಿ ಅತ್ತಿ. ಆಗ ಏನಂದ್ರಿ?”

“ಹಾಲು ಕಟ್ಟೈತಿ ಅಂದೆ.”

“ಒಂದು ವರ್ಷ ಎಕ್ಕಿ ಎಲಿ ಕಾಸಿ ಕಟ್ಟಿದೆ ನಾನು. ಈ ಕೈಲೆ ಕಟ್ಟಿದೆ.” ಅವಳು ಗಂಡನ ಕಡೆ ತಿರುಗಿದಳು. “ನಿಮಗೂ ಗೊತ್ತಿತ್ತೇನ್ರಿ?”

“ಹಬ್ಬದ ದಿನ ಇದೆಲ್ಲಾ ಯಾಕ ಈಗ?” ಎಂದ ಶಂಕ್ರೆಪ್ಪ. ಅಷ್ಟು ಸಾಕಾಯಿತು. ಆದರೂ ಅವನು ಬಾಯಿ ಮುಚ್ಚಲಿಲ್ಲ. “ಆಗಿದ್ದು ಆತು. ಊರಾಗ ಯಾರ ಮುಂದೂ ಆಡಬ್ಯಾಡ್ರಿ. ಭಾಗ್ಯಾನ ಲಗ್ನದ ಮಾತು ನಡದಾವ.”

ಭಾಗ್ಯಾ ಅವನ ಸತ್ತ ತಂಗಿಯ ಮಗಳು, ಇಂಡಿಯಲ್ಲಿ ಅಪ್ಪನ ಜೊತೆ ಇದ್ದಾಳೆ. ಇಪ್ಪತ್ತೆರಡು ವರ್ಷ. ಮಾವನಿಗೆ ಅವಳ ಮೇಲೆ ಎಷ್ಟು ಕಾಳಜಿ ನೋಡಿ.

“ಸಾಕ್ಷಿ, ಭಾಗ್ಯಾಗ ಫೋನ್ ಹಚ್ಚು,” ಎಂದಳು ಗುಂಡವ್ವ. “ಎಲ್ಲಾ ಹೇಳು. ನಾಳಿ ವಿಜಾಪುರಕ್ಕ ಬಾ ಅನ್ನು, ನಾ ಜೋಡಿ ಬರ್ತೇನಿ ಅನ್ನು.”

“ಏ, ಲಗ್ನ ಮುರೀತೈತಿ!” ಎಂದ ಶಂಕ್ರೆಪ್ಪ.

“ಮುರೀಲಿ.”

ಸಾಕ್ಷಿ ಫೋನು ಹಿಡಿದು ಅಂಗಳಕ್ಕೆ ಇಳಿದಳು. ಶಂಕ್ರೆಪ್ಪ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ, ಕಟ್ಟೆಯ ಮೇಲೆ ಕೂತುಬಿಟ್ಟ.

“ನೀನ ಇಡವಾ,” ಎಂದಳು ತಿಪ್ಪವ್ವ, ನೆಲ ನೋಡುತ್ತ. “ಮಗಳ ಖಣ ನೀನ ಇಡು.”

ಎರಡು ವರ್ಷ ಕಾದಿದ್ದ ಮಾತು ಬಂದಿತ್ತು. ಗುಂಡವ್ವನಿಗೆ ಅದರಲ್ಲಿ ಈಗ ಏನೂ ಉಳಿದಿರಲಿಲ್ಲ. ಜಗಲಿಯ ಮುಂದೆ ಮೊಣಕಾಲೂರಿ ಹಸಿರು ಖಣವನ್ನು ನಾಲ್ಕನೆಯದರ ಪಕ್ಕಕ್ಕಿಟ್ಟಳು. ಆಮೇಲೆ ಮೊದಲಿನಿಂದ ಶುರುಮಾಡಿ ಒಂದೊಂದನ್ನೇ ಸರಿಸುತ್ತ ಬಂದಳು, ಅತ್ತೆಯದು, ಅವಳ ನಾದಿನಿಯರದು, ತನ್ನ ನಾದಿನಿಯದು, ಮಗಳದು, ಎರಡರ ನಡುವೆ ನಾಲ್ಕು ಬೆರಳು ಬಿಟ್ಟು.

“ತುದಿಗೆ ಜಾಗಾ ಬಿಡಬೇಕಲ್ಲ...” ಎಂದು ತಿಪ್ಪವ್ವ ಶುರುಮಾಡಿ ನಿಲ್ಲಿಸಿದಳು.

ಗುಂಡವ್ವ ಸುಮಂಗಲಾಳ ಖಣವನ್ನು ಇನ್ನೂ ಒಂದು ಸಲ ಅಂಗೈಯಿಂದ ನೂಕಿದಳು. ಅದರ ಅಂಚು ಗೋಡೆಗೆ ತಾಗಿ ನಿಂತಿತು.